ಅಪ್ಪನ ಹ್ಯೂಯೆನ್ ತ್ಸಾಂಗ್ ಊರಿಗೆ: ಚೀನಾದಲ್ಲಿ ಹನ್ನೊಂದು ದಿನ

ಅಪ್ಪ ಬಾದಾಮಿ ತಾಲ್ಲೂಕಿನ ಹೈಸ್ಕೂಲಿನಲ್ಲಿ 31 ವರ್ಷ ಇತಿಹಾಸ ಕಲಿಸಿದವರು. ಇಮ್ಮಡಿ ಪುಲಕೇಶಿಯ ಪಾಠ ಬಂದರೆ ಹ್ಯೂಯೆನ್ ತ್ಸಾಂಗ್ ಬರಲೇಬೇಕು, ಅಲ್ವಾ? ನಾವೆಲ್ಲ ‘ಚೀನಾದ ಯಾತ್ರಿಕ’ ಅಂತ ಒಂದು ಸಾಲು ಬರೆದು, ಎರಡು ಅಂಕ ತಗೊಂಡು, ಮರೆತುಬಿಟ್ಟವರು. ಅಪ್ಪ ಮರೆತಿರಲಿಲ್ಲ. ಹೋದ ಯುಗಾದಿಗೆ ಊರಿಗೆ ಹೋದಾಗ ಊಟಕ್ಕೆ ಕೂತಲ್ಲೇ ಹೇಳಿದರು: “ಆ ಮನಷ್ಯಾ ಅಷ್ಟ್ ದೂರದಿಂದ ನಮ್ಮ ಕಡೆ ಬಂದು ಹೋದ. ನಾವು ವಿಮಾನದಾಗರ ಒಮ್ಮೆ ಅವನ ಊರಿಗೆ ಹೋಗಿ ಬರೂಣು.” ಅವರಿಗೀಗ 71. ಇನ್ನೂ ಮುಂದಕ್ಕೆ ಹಾಕೋದು ಬೇಡ ಅಂತ ನಾನೂ ನನ್ನ ತಮ್ಮನೂ ಅವತ್ತೇ ಮಾತಾಡಿಕೊಂಡೆವು.

ಹೊರಟಿದ್ದು ಅಕ್ಟೋಬರ್ ಮಧ್ಯದಲ್ಲಿ. ನೀವು ಹೋಗುವುದಾದರೆ ಅಕ್ಟೋಬರ್ ಮೊದಲ ವಾರ ಮಾತ್ರ ಬೇಡ. ಅದು ಅವರ ರಾಷ್ಟ್ರೀಯ ದಿನದ ರಜೆ, ದೇಶಕ್ಕೆ ದೇಶವೇ ಊರು ನೋಡಲು ಹೊರಟಿರುತ್ತದೆ.

ಮೊದಲ ದಿನ ಪ್ರಯಾಣದಲ್ಲೇ ಕಳೆಯಿತು. ಬೆಂಗಳೂರಿನಿಂದ ಹಾಂಗ್‌ಕಾಂಗ್, ಅಲ್ಲಿಂದ ಬೀಜಿಂಗ್. ಗಡಿಯಾರ ಎರಡೂವರೆ ಗಂಟೆ ಮುಂದೆ ತಿರುಗಿಸಿಕೊಂಡೆವು. ಅಷ್ಟು ದೊಡ್ಡ ದೇಶಕ್ಕೆಲ್ಲ ಒಂದೇ ಸಮಯ. ಹೊರಡುವ ಮೊದಲೇ ತಮ್ಮ ಅಲಿಪೇ ಅನ್ನುವ ಅಲ್ಲಿನ ಪಾವತಿ ಆ್ಯಪ್‌ಗೆ ನಮ್ಮ ಕಾರ್ಡ್ ಸೇರಿಸಿ ಇಟ್ಟಿದ್ದ, ಅದು ತುಂಬಾ ಉಪಯೋಗಕ್ಕೆ ಬಂತು. ಬೀದಿಯಲ್ಲಿ ಗೆಣಸು ಸುಟ್ಟು ಮಾರುವವರೂ ಕ್ಯೂಆರ್ ಕೋಡ್ ತೋರಿಸುತ್ತಾರೆ. ಅಲ್ಲಿನ ವೈಫೈನಲ್ಲಿ ಗೂಗಲ್, ವಾಟ್ಸಾಪ್ ನಡೆಯಲಿಲ್ಲ. ಇಲ್ಲಿಂದಲೇ ರೋಮಿಂಗ್ ಹಾಕಿಸಿಕೊಂಡು ಹೋಗಿದ್ದರಿಂದ ಅಮ್ಮನ ಜೊತೆ ದಿನಾ ಮಾತಾಡಲು ಆಯಿತು.

ಎರಡನೇ ದಿನ, ನಿಷೇಧಿತ ನಗರ. ಇದರ ಟಿಕೆಟ್ ಏಳು ದಿನ ಮೊದಲು ಬೀಜಿಂಗ್ ಸಮಯ ರಾತ್ರಿ 8ಕ್ಕೆ, ಅಂದರೆ ನಮ್ಮ ಸಂಜೆ ಐದೂವರೆಗೆ ಬಿಡುತ್ತಾರೆ. ಪಾಸ್‌ಪೋರ್ಟ್ ನಂಬರ್ ಹಾಕಿ ಆಗಲೇ ತಗೊಳ್ಳಬೇಕು. ಬಾಗಿಲಿಗೆ ಹೋಗಿ ನೋಡೋಣ ಅಂದರೆ ಸಿಗುವುದಿಲ್ಲ. ಸೋಮವಾರ ರಜೆ.

ದಕ್ಷಿಣದ ಬಾಗಿಲಿಂದ ಒಳಗೆ ಹೋಗಿ ಉತ್ತರದ ಬಾಗಿಲಿಂದ ಹೊರಗೆ ಬಂದೆವು. ಮಿಂಗ್ ವಂಶದ ಯೋಂಗ್ಲೆ ಚಕ್ರವರ್ತಿ 1406ರಲ್ಲಿ ಶುರು ಮಾಡಿಸಿ 1420ಕ್ಕೆ ಮುಗಿಸಿದ ಅರಮನೆ. ಮಿಂಗ್, ಚಿಂಗ್ ಎರಡೂ ವಂಶ ಸೇರಿ 24 ಚಕ್ರವರ್ತಿಗಳು ಇಲ್ಲಿ ಕೂತು ಆಳಿದರು. ಒಂದು ಅಂಗಳ ದಾಟಿದರೆ ಇನ್ನೊಂದು, ಅದನ್ನು ದಾಟಿದರೆ ಮತ್ತೊಂದು ಬಾಗಿಲು. ಮುಂದಿನ ದೊಡ್ಡ ಅಂಗಳಗಳಲ್ಲಿ ಒಂದು ಗಿಡ ಕೂಡ ಇಲ್ಲ. ಬರೀ ಕಲ್ಲು, ಮೇಲೆ ಆಕಾಶ. ಹಳದಿ ಹೆಂಚು ಚಕ್ರವರ್ತಿಗೆ ಮೀಸಲು. ಆದರೆ ಪುಸ್ತಕ ಭಂಡಾರಕ್ಕೆ ಮಾತ್ರ ಕಪ್ಪು ಹೆಂಚು. ಅವರ ಲೆಕ್ಕದಲ್ಲಿ ಕಪ್ಪು ನೀರಿನ ಬಣ್ಣ, ಬೆಂಕಿ ಬೀಳದಿರಲಿ ಅಂತ. ಮೂವತ್ತು ವರ್ಷ ಪುಸ್ತಕ ಕಾಯ್ದ ಅಪ್ಪನಿಗೆ ಇದು ಬಹಳ ಹಿಡಿಸಿತು.

ನಾವು ಜಾಸ್ತಿ ಹೊತ್ತು ನಿಂತಿದ್ದು ಎರಡೇ ಕಡೆ. ಒಂದು, ಮೂರನೇ ದೊಡ್ಡ ಸಭಾಂಗಣದ ಹಿಂದೆ ಮೆಟ್ಟಿಲುಗಳ ನಡುವೆ ಮಲಗಿಸಿದ ಕಲ್ಲು. ಅದರ ಮೈತುಂಬ ಮೋಡದಲ್ಲಿ ಆಡುವ ಡ್ರ್ಯಾಗನ್‌ಗಳು. 200 ಟನ್‌ಗಿಂತ ಜಾಸ್ತಿ ತೂಕದ ಒಂದೇ ಬಂಡೆ. ಊರ ಹೊರಗಿನ ಕಲ್ಲುಗಣಿಯಿಂದ ಇದನ್ನು ಹೇಗೆ ತಂದರು? ಚಳಿಗಾಲ ಬರುವವರೆಗೆ ಕಾದು, ದಾರಿಯುದ್ದಕ್ಕೂ ಬಾವಿ ತೋಡಿ, ನೀರು ಸುರಿದು, ಅದು ಹೆಪ್ಪುಗಟ್ಟಿದ ಮೇಲೆ ಮಂಜುಗಡ್ಡೆಯ ಮೇಲೆ ಜಾರಿಸಿಕೊಂಡು ತಂದರಂತೆ. ಇನ್ನೊಂದು, ಅಂಗಳದ ದೊಡ್ಡ ದೊಡ್ಡ ಹಂಡೆಗಳು. ಬೆಂಕಿ ಬಿದ್ದರೆ ಇರಲಿ ಅಂತ ನೀರು ತುಂಬಿಡುತ್ತಿದ್ದರು, ಚಳಿಗೆ ನೀರು ಗಟ್ಟಿಯಾಗದಂತೆ ಕೆಳಗೆ ಕೆಂಡ ಇಡುತ್ತಿದ್ದರು. ಕೆಲವಕ್ಕೆ ಚಿನ್ನದ ಲೇಪವಿತ್ತು. ಹತ್ತಿರ ಹೋಗಿ ನೋಡಿದರೆ ಮೈಯೆಲ್ಲ ಉದ್ದುದ್ದ ಗೀರು, ಕುಂಬಳಕಾಯಿ ಹೆರೆದ ಹಾಗೆ. 1900ರಲ್ಲಿ ಬೀಜಿಂಗ್‌ಗೆ ನುಗ್ಗಿದ ಎಂಟು ದೇಶಗಳ ಸೈನಿಕರು ಚಿನ್ನ ಕೆರೆದುಕೊಂಡ ಗುರುತು ಅಂತ ಹೇಳುತ್ತಾರೆ. ಆ ಸೇನೆಯಲ್ಲಿ ಬ್ರಿಟಿಷರ ಕೈಕೆಳಗಿನ ಭಾರತೀಯ ಸಿಪಾಯಿಗಳೂ ಇದ್ದರು. ಅಪ್ಪ ಗೀರಿನ ಮೇಲೆ ಕಣ್ಣಿಟ್ಟು, “ಇದರಾಗ ನಮ್ಮವರ ಕೈನೂ ಇದ್ದಿರಬಹುದಲ್ಲವ್ವಾ” ಅಂದರು. ಆಮೇಲೆ ಬಹಳ ಹೊತ್ತು ಮಾತಾಡಲಿಲ್ಲ.

ಉತ್ತರದ ಬಾಗಿಲ ಎದುರಿಗೇ ಜಿಂಗ್‌ಶಾನ್ ಗುಡ್ಡ. ಅರಮನೆಯ ಕಂದಕ ತೋಡಿದ ಮಣ್ಣು ಒಟ್ಟಿ ಮಾಡಿದ ಗುಡ್ಡ ಅದು. ಮಿಂಗ್ ವಂಶದ ಕೊನೆಯ ಚಕ್ರವರ್ತಿ 1644ರಲ್ಲಿ ನೇಣು ಹಾಕಿಕೊಂಡದ್ದೂ ಇಲ್ಲೇ. ಸಂಜೆ ಬಿಸಿಲಲ್ಲಿ ಮೇಲೆ ನಿಂತು ನೋಡಿದರೆ ಅರಮನೆ ಪೂರ್ತಿ ಕಾಣುತ್ತದೆ, ಹಳದಿ ಸೂರುಗಳ ಸಾಲು ಮುಗಿಯುವುದೇ ಇಲ್ಲ. ಕೆಳಗೆ ನಾಲ್ಕು ಗಂಟೆ ನಡೆದಾಗಲೂ ಅದು ಎಷ್ಟು ದೊಡ್ಡದು ಅಂತ ನನಗೆ ಅಂದಾಜು ಸಿಕ್ಕಿರಲಿಲ್ಲ.

ಮೂರನೇ ದಿನ ಮಹಾಗೋಡೆ. ಬಾದಾಲಿಂಗ್ ಕಡೆ ಜನ ಜಾಸ್ತಿ ಅಂತ ಮುಟಿಯಾನ್‌ಯೂಗೆ ಹೋದೆವು, ಬೀಜಿಂಗ್‌ನಿಂದ ಸುಮಾರು 70 ಕಿ.ಮೀ. ಅಪ್ಪನ ಮೊಣಕಾಲಿನ ಕಾರಣಕ್ಕೆ ಕೇಬಲ್ ಕಾರು ಹಿಡಿದು 14ನೇ ಕಾವಲುಗೋಪುರದ ಹತ್ತಿರ ಇಳಿದೆವು. ಎಲ್ಲ ವಂಶಗಳ ಗೋಡೆ ಸೇರಿಸಿ 21,196 ಕಿ.ಮೀ. ಅಂತ 2012ರಲ್ಲಿ ಲೆಕ್ಕ ಕೊಟ್ಟಿದ್ದಾರೆ. ನಾವು ನಡೆದದ್ದು ಅದರಲ್ಲಿ ಎರಡು ಕಿಲೋಮೀಟರ್ ಕೂಡ ಇಲ್ಲ, ಆದರೂ ಕಾಲು ನಡುಗಿತು. ಗೋಡೆ ಬೆಟ್ಟದ ನೆತ್ತಿಯ ಮೇಲೇ ಏರಿ ಇಳಿದು ಹೋಗುತ್ತದೆ. ಕೆಲವು ಮೆಟ್ಟಿಲು ಒಂದು ಗೇಣು, ಕೆಲವು ಮೊಣಕಾಲೆತ್ತರ. ಕಾಡೆಲ್ಲ ಕೆಂಪು, ಕಿತ್ತಳೆ ಬಣ್ಣಕ್ಕೆ ತಿರುಗಿತ್ತು.

ಒಂದು ಗೋಪುರದ ನೆರಳಲ್ಲಿ ಕೂತು ಇಟ್ಟಿಗೆ ಸಂದಿನ ಬಿಳಿ ಗಾರೆ ಮುಟ್ಟಿ ನೋಡಿದೆವು. ಮಿಂಗ್ ಕಾಲದಲ್ಲಿ ಸುಣ್ಣದ ಜೊತೆ ಅಂಟಕ್ಕಿಯ ಗಂಜಿ ಕಲೆಸುತ್ತಿದ್ದರು, ಆ ಗಂಜಿಯೇ ಗಾರೆಗೆ ಬಿಗಿ ಕೊಡುತ್ತದೆ. ನಮ್ಮ ಅಜ್ಜನ ಮನೆ ಕಟ್ಟುವಾಗ ಸುಣ್ಣಕ್ಕೆ ಬೆಲ್ಲದ ನೀರು ಹಾಕಿ ಅರೆದಿದ್ದರಂತೆ. “ನಾವು ಬೆಲ್ಲಾ ಹಾಕಿದಿವಿ, ಅವರು ಗಂಜಿ ಹಾಕಿದ್ರು” ಅಂತ ಅಪ್ಪ ಉಗುರಿನಿಂದ ಮೆಲ್ಲಗೆ ಕೆರೆದು ನೋಡಿದರು. ಒಂದು ಚೂರೂ ಉದುರಲಿಲ್ಲ.

ನಾಲ್ಕನೇ ದಿನ ಬೆಳಗ್ಗೆ ಸ್ವರ್ಗ ದೇಗುಲ. ಇದೂ 1420ರದ್ದೇ. ಮಳೆ ಬೆಳೆ ಚೆನ್ನಾಗಿ ಆಗಲಿ ಅಂತ ಚಕ್ರವರ್ತಿ ಉಪವಾಸವಿದ್ದು ಪೂಜೆ ಮಾಡುತ್ತಿದ್ದ ಜಾಗ. ಸುಗ್ಗಿಯ ಪ್ರಾರ್ಥನೆಯ ಗುಂಡನೆಯ ಮಂಟಪದೊಳಗೆ 28 ಮರದ ಕಂಬಗಳು. ನಡುವಿನ ನಾಲ್ಕು ಋತುಗಳಿಗೆ, ಆಮೇಲಿನ ಹನ್ನೆರಡು ತಿಂಗಳುಗಳಿಗೆ, ಹೊರಗಿನ ಹನ್ನೆರಡು ದಿನದ ಹನ್ನೆರಡು ಹೊತ್ತುಗಳಿಗೆ. 1889ರಲ್ಲಿ ಸಿಡಿಲು ಬಡಿದು ಸುಟ್ಟುಹೋಗಿತ್ತು, ಈಗಿನದು ಆಮೇಲೆ ಕಟ್ಟಿದ್ದು. ಆದರೆ ನಿಜವಾದ ಖುಷಿ ಸುತ್ತಲಿನ ತೋಟದಲ್ಲಿದೆ. ವಯಸ್ಸಾದವರೆಲ್ಲ ಬೆಳಗ್ಗೆಯೇ ಬಂದು ಸೇರುತ್ತಾರೆ. ಕೆಲವರು ಹಾಡುತ್ತಾರೆ, ಕೆಲವರು ಇಸ್ಪೀಟು, ಇನ್ನು ಕೆಲವರು ಗರಿ ಕಟ್ಟಿದ ಬಿಲ್ಲೆಯನ್ನು ನೆಲಕ್ಕೆ ಬೀಳಿಸದೆ ಕಾಲಲ್ಲಿ ಒದ್ದು ಆಡುತ್ತಾರೆ. ಅಪ್ಪನ ವಯಸ್ಸಿನ ಒಬ್ಬ ಅಜ್ಜಿ ಬಿಲ್ಲೆಯನ್ನು ನೇರ ಅಪ್ಪನ ಕಾಲಿಗೇ ಕಳಿಸಿದರು. ಅಪ್ಪ ಎರಡು ಸಲ ವಾಪಸ್ ಒದ್ದರು, ಎಲ್ಲರೂ ಚಪ್ಪಾಳೆ ತಟ್ಟಿದರು.

ಮಧ್ಯಾಹ್ನ ಬುಲೆಟ್ ರೈಲಿನಲ್ಲಿ ಶಿಆನ್‌ಗೆ. ನಮ್ಮಲ್ಲಿ ಕ್ಸಿಯಾನ್ ಅಂತಲೂ ಬರೆಯುತ್ತಾರೆ. ಸುಮಾರು 1,200 ಕಿ.ಮೀ. ದಾರಿ, ಐದು ಗಂಟೆಯಲ್ಲಿ ಮುಗಿಯಿತು. ಪ್ರತಿ ಬೋಗಿಯಲ್ಲೂ ಕುದಿಯುವ ನೀರಿನ ನಲ್ಲಿ ಇರುತ್ತದೆ, ಅದು ಸಸ್ಯಾಹಾರಿಗಳ ಪಾಲಿಗೆ ದೊಡ್ಡ ಆಸರೆ. ಅವಲಕ್ಕಿಗೆ ಬಿಸಿನೀರು ಹಾಕಿ, ಅಮ್ಮ ಕಟ್ಟಿಕೊಟ್ಟ ಖಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ ಬಿಚ್ಚಿದೆವು. ಪಕ್ಕದ ಸೀಟಿನ ಹುಡುಗನಿಗೂ ರೊಟ್ಟಿ ಕೊಟ್ಟೆವು, ಕರುಂಕುರುಂ ತಿಂದು ಇನ್ನೊಂದು ಕೇಳಿದ. ರಾತ್ರಿ ಮಾತ್ರ ತೊಂದರೆಯಾಯಿತು. ಕಾಯ್ದಿರಿಸಿದ್ದ ಹೋಟೆಲಿನವರು ವಿದೇಶಿ ಪಾಸ್‌ಪೋರ್ಟ್ ನೋಂದಾಯಿಸಲು ನಮ್ಮಲ್ಲಿ ಆಗುವುದಿಲ್ಲ ಅಂದುಬಿಟ್ಟರು. ಆಗ ಹತ್ತೂವರೆ ಗಂಟೆ. ಕೌಂಟರ್‌ನಲ್ಲಿದ್ದ ಹೆಂಗಸು ತಾನೇ ನಮ್ಮ ಚೀಲ ಎಳೆದುಕೊಂಡು ಎರಡು ಬೀದಿ ಆಚೆ ಇನ್ನೊಂದು ಹೋಟೆಲಿಗೆ ಬಿಟ್ಟು ಹೋದರು. ರೂಮು ತಗೊಳ್ಳುವಾಗ ಇದನ್ನು ಮೊದಲೇ ಕೇಳಿಕೊಳ್ಳಿ.

ಐದನೇ ದಿನ, ಮಣ್ಣಿನ ಸೈನ್ಯ. 1974ರ ಮಾರ್ಚ್‌ನಲ್ಲಿ ಬಾವಿ ತೋಡುತ್ತಿದ್ದ ರೈತರ ಗುದ್ದಲಿಗೆ ಸಿಕ್ಕಿದ್ದು. ಚೀನಾವನ್ನು ಮೊದಲು ಒಂದುಗೂಡಿಸಿದ ಚಿನ್ ಶಿ ಹುವಾಂಗ್‌ನ ಸಮಾಧಿ ಕಾಯಲು ಹೂತಿಟ್ಟ ಸೈನ್ಯ ಇದು. ಅವನು ಸತ್ತಿದ್ದು ಕ್ರಿ.ಪೂ. 210ರಲ್ಲಿ. ಒಂದನೇ ಗುಂಡಿಯ ಕಟ್ಟೆ ಹತ್ತಿರ ಹೋಗಲು ಜನರ ನಡುವೆ ಸ್ವಲ್ಪ ತಳ್ಳಾಡಬೇಕು. ಕಟ್ಟೆಗೆ ಬಂದು ಕೆಳಗೆ ನೋಡಿದಾಗ ನನಗೆ ನಿಜವಾಗಿಯೂ ಮೈ ಜುಮ್ ಅಂದಿತು. ಸಾಲು ಸಾಲು, ಒಂದರಂತೆ ಇನ್ನೊಂದು ಮುಖ ಇಲ್ಲ. ಹಿಂದಿನ ಭಾಗಕ್ಕೆ ಹೋದರೆ ಇನ್ನೊಂದೇ ನೋಟ. ಸೂರು ಕುಸಿದು ನುಚ್ಚುನೂರಾದ ಕೈ, ಕಾಲು, ತಲೆಗಳು ಮಣ್ಣಲ್ಲಿ ಹಾಗೇ ಬಿದ್ದಿವೆ. ನಿಂತಿರುವ ಒಬ್ಬೊಬ್ಬ ಸೈನಿಕನೂ ಹೀಗೆ ಚೂರುಗಳಿಂದ ಜೋಡಿಸಿ ನಿಲ್ಲಿಸಿದವನೇ. ಮೊದಲು ಎಲ್ಲರಿಗೂ ಬಣ್ಣ ಇತ್ತು. ಅಗೆದು ತೆಗೆದ ಕೆಲವೇ ನಿಮಿಷದಲ್ಲಿ ಗಾಳಿಗೆ ಒಣಗಿ ಉದುರಿಹೋಯಿತು. ರಾಜನ ಸಮಾಧಿಯನ್ನು ಮಾತ್ರ ಇನ್ನೂ ತೆರೆದಿಲ್ಲ. ತೆರೆಯದೆ ಇರುವುದೇ ಸರಿ ಅಂತ ನನ್ನ ಅಭಿಪ್ರಾಯ.

ಗಾಜಿನೊಳಗೆ ಮಂಡಿಯೂರಿದ ಒಬ್ಬ ಬಿಲ್ಲುಗಾರ ಇದ್ದಾನೆ. ಅವನ ಹಿಂದೆ ಹೋಗಿ ಪಾದ ನೋಡಿ. ಚಪ್ಪಲಿಯ ಅಟ್ಟೆಯ ಹೊಲಿಗೆ ಕೂಡ ಚುಕ್ಕಿ ಚುಕ್ಕಿಯಾಗಿ ಕೊರೆದಿದ್ದಾರೆ, ತುದಿಗೆ ಒತ್ತಾಗಿ, ನಡುವೆ ಬಿಡಿಯಾಗಿ. ಮಣ್ಣಿನ ಕೆಳಗೆ ಹೂಳುವ ಗೊಂಬೆಯ ಅಂಗಾಲನ್ನು ಯಾರು ನೋಡುತ್ತಾರೆ ಅಂತ ಆ ಕುಂಬಾರ ಅಂದುಕೊಳ್ಳಲಿಲ್ಲ. ಕೆಲವು ಗೊಂಬೆಗಳ ಮೈಮೇಲೆ ಮಾಡಿಸಿದ ಮೇಸ್ತ್ರಿಯ ಹೆಸರೂ ಇದೆ. ಕೆಲಸ ಕೆಟ್ಟರೆ ಹಿಡಿಯಲು ಬರೆಸಿದ್ದಂತೆ. ನಮ್ಮ ಪಟ್ಟದಕಲ್ಲಿನ ವಿರೂಪಾಕ್ಷ ಗುಡಿಯ ಶಾಸನದಲ್ಲಿ ಶಿಲ್ಪಿ ಗುಂಡನ ಹೆಸರಿದೆಯಲ್ಲ, ಅದು ಬಿರುದು ಕೊಟ್ಟು ಗೌರವದಿಂದ ಬರೆಸಿದ್ದು. ಅಪ್ಪ ಇದನ್ನು ತಮ್ಮನಿಗೆ ದಾರಿಯುದ್ದಕ್ಕೂ ಹೇಳುತ್ತಾ ಬಂದರು. ಗೇಟಿನ ಹೊರಗೆ ಬುಟ್ಟಿ ತುಂಬ ಕೆಂಪು ಪರ್ಸಿಮನ್ ಹಣ್ಣು. ಆ ಊರಿನದೇ ತಳಿ, ಸಿಪ್ಪೆ ಸುಲಿದರೆ ಒಳಗೆ ಜೇನಿನಂಥ ತಿರುಳು.

ಆರನೇ ದಿನಕ್ಕಾಗಿಯೇ ಅಪ್ಪ ಇಷ್ಟು ದೂರ ಬಂದದ್ದು. ಬೆಳಗ್ಗೆ ಬೇಗ ಎದ್ದು, ಸ್ನಾನ ಮಾಡಿ, ಬಿಳಿ ಅಂಗಿ ಹಾಕಿಕೊಂಡಿದ್ದರು.

ಹ್ಯೂಯೆನ್ ತ್ಸಾಂಗ್ ಹೆಸರನ್ನು ಚೀನೀಯರು ‘ಶ್ವೆನ್‌ಜಾಂಗ್’ ಅನ್ನುತ್ತಾರೆ. ಅವನು ಹೊರಟಿದ್ದು 629ರ ಹೊತ್ತಿಗೆ, ಇದೇ ಊರಿಂದ, ಆಗಿನ ಹೆಸರು ಚಾಂಗ್‌ಆನ್. ದೇಶ ಬಿಡಲು ಚಕ್ರವರ್ತಿಯ ಅಪ್ಪಣೆ ಸಿಗಲಿಲ್ಲ, ಕದ್ದು ಹೊರಟ. ಮರಳುಗಾಡು, ಹಿಮಬೆಟ್ಟ ದಾಟಿ ಭಾರತಕ್ಕೆ ಬಂದು, ನಳಂದದಲ್ಲಿ ಓದಿ, ದಕ್ಷಿಣಕ್ಕೂ ಇಳಿದು, 645ರಲ್ಲಿ ವಾಪಸ್ ಬಂದಾಗ ಇಪ್ಪತ್ತು ಕುದುರೆಗಳ ಮೇಲೆ 657 ಬೌದ್ಧ ಗ್ರಂಥಗಳಿದ್ದವು. ಕದ್ದು ಹೋದವನನ್ನು ಅದೇ ಚಕ್ರವರ್ತಿ ಮರ್ಯಾದೆಯಿಂದ ಬರಮಾಡಿಕೊಂಡ. ಉಳಿದ ಆಯುಷ್ಯವೆಲ್ಲ, 664ರಲ್ಲಿ ಸಾಯುವವರೆಗೂ, ಅವನು ಅನುವಾದ ಮಾಡುತ್ತಲೇ ಕೂತ. ಆ ಗ್ರಂಥಗಳನ್ನು ಇಡಲು ಅವನೇ ಕೇಳಿ 652ರಲ್ಲಿ ಕಟ್ಟಿಸಿದ್ದು ಅವತ್ತು ನಾವು ನೋಡಲು ಹೋದ ದೊಡ್ಡ ಹೆಬ್ಬಾತಿನ ಪಗೋಡ, ಅಂದರೆ ಬೌದ್ಧ ಗೋಪುರ. ಮೊದಲು ಐದು ಅಂತಸ್ತು. ಈಗ ಇಟ್ಟಿಗೆಯ ಏಳು ಅಂತಸ್ತು, 64 ಮೀಟರ್ ಚಿಲ್ಲರೆ ಎತ್ತರ. ನೋಡಲು ಸಾದಾ. ಬಣ್ಣ ಇಲ್ಲ, ಚಿನ್ನ ಇಲ್ಲ. ಮಣ್ಣಿನ ಬಣ್ಣದ ಇಟ್ಟಿಗೆ ಮೆಟ್ಟಿಲು ಮೆಟ್ಟಿಲಾಗಿ ಮೇಲೆ ಹೋಗಿದೆ. ದಕ್ಷಿಣ ಬಾಗಿಲಿನ ಎರಡೂ ಕಡೆ 653ರ ಎರಡು ಕಲ್ಲುಶಾಸನಗಳಿವೆ. ಅಪ್ಪ ಬ್ಯಾಟರಿ ಹಿಡಿದು, ಗೊತ್ತಿಲ್ಲದ ಲಿಪಿಯನ್ನೂ ಒಂದೊಂದು ಅಕ್ಷರ ಬಿಡದೆ ನೋಡಿದರು.

ಒಳಗೆ ಹತ್ತಲು ಬೇರೆ ಟಿಕೆಟ್. ಅಲ್ಲಿ ಟಿಕೆಟ್ ನೋಡುತ್ತಿದ್ದ ಹುಡುಗಿಗೆ ತಮ್ಮ ಫೋನಿನಲ್ಲಿ ಅನುವಾದ ಮಾಡಿ ತೋರಿಸಿದ: ಇವರು ನಮ್ಮ ತಂದೆ, ಶ್ವೆನ್‌ಜಾಂಗ್ ಬರೆದ ಒಬ್ಬ ರಾಜನ ಊರಿನವರು. ಆಮೇಲೆ ಮೊದಲೇ ಹುಡುಕಿಟ್ಟುಕೊಂಡಿದ್ದ ನಾಲ್ಕು ಅಕ್ಷರ ತೆಗೆದ. ಶ್ವೆನ್‌ಜಾಂಗ್ ತನ್ನ ಪ್ರವಾಸ ಗ್ರಂಥದಲ್ಲಿ ನಮ್ಮ ರಾಜನ ಹೆಸರನ್ನು ಆ ನಾಲ್ಕು ಚೀನೀ ಅಕ್ಷರಗಳಲ್ಲಿ ಬರೆದಿದ್ದಾನೆ. ಹುಡುಗಿ ಫೋನು ಹತ್ತಿರ ಹಿಡಿದು, ಒಂದೊಂದೇ ಅಕ್ಷರ ಬಿಡಿಸಿ ಓದಿದಳು. “ಬು... ಲ್ವೊ... ಜಿ... ಶ.”

ಅಪ್ಪ ನನ್ನ ಕೈ ಹಿಡಿದುಕೊಂಡರು. “ಇನ್ನೊಮ್ಮೆ ಹೇಳಸು ಆಕಿ ಕಡಿಂದ.”

ಅವಳು ಇನ್ನೊಮ್ಮೆ ಓದಿದಳು. ಅಪ್ಪ “ಪುಲಕೇಶಿ” ಅಂದರು. ಅವಳು “ಪು-ಲ-ಕೇ-ಶಿ” ಅಂತ ಅಷ್ಟೇ ಜಾಗ್ರತೆಯಿಂದ ಹೇಳಿದಳು. ಹಿಂದೆ ಸಾಲಿನಲ್ಲಿದ್ದವರು ಯಾರೂ ಅವಸರ ಮಾಡಲಿಲ್ಲ.

ಮೇಲಿನ ಅಂತಸ್ತಿನ ಕಿಟಕಿಯ ಹತ್ತಿರ ಕೂತು ಅಪ್ಪ ನಮಗಿಬ್ಬರಿಗೂ ಪಾಠವನ್ನೇ ಮಾಡಿದರು. ಪುಲಕೇಶಿಯ ನಾಡಿನ ಜನ ಎತ್ತರದವರು, ಸ್ವಾಭಿಮಾನಿಗಳು, ಉಪಕಾರ ಮಾಡಿದವರನ್ನು ಮರೆಯುವುದಿಲ್ಲ, ಅವಮಾನ ಮಾಡಿದವರನ್ನು ಬಿಡುವುದಿಲ್ಲ, ಸೇಡು ತೀರಿಸುವ ಮೊದಲು ವೈರಿಗೆ ಹೇಳಿಯೇ ಹೋಗುತ್ತಾರೆ ಅಂತ ಶ್ವೆನ್‌ಜಾಂಗ್ ಬರೆದ. ಯುದ್ಧಕ್ಕೆ ಮೊದಲು ಆನೆಗಳಿಗೂ ಮದ್ಯ ಕುಡಿಸುತ್ತಿದ್ದರಂತೆ. ಹರ್ಷ ಪೂರ್ವ ಪಶ್ಚಿಮ ಎಲ್ಲ ಗೆದ್ದರೂ ಇವರು ಮಾತ್ರ ಅವನಿಗೆ ಬಗ್ಗಲಿಲ್ಲ ಅಂತಲೂ ಬರೆದ. ನಮ್ಮ ಕಡೆಯ ಸಾಕ್ಷಿ 634ರ ಐಹೊಳೆ ಶಾಸನ. ಹರ್ಷನ ಹರ್ಷವೇ ಕರಗಿಹೋಯಿತು ಅಂತ ರವಿಕೀರ್ತಿ ಅದರಲ್ಲಿ ಬರೆದ. ಆದರೆ ಅವನು ಪುಲಕೇಶಿಯ ಆಸ್ಥಾನದ ಕವಿ, ತನ್ನ ರಾಜನನ್ನು ಹೊಗಳಲೇಬೇಕು. ಶ್ವೆನ್‌ಜಾಂಗ್‌ಗೆ ಹರ್ಷನೇ ಆಪ್ತ, ಮರ್ಯಾದೆ ಮಾಡಿದವನೂ ಹರ್ಷನೇ. ಅಂಥವನೇ ಬರೆದನಲ್ಲ, ಆ ಮಾತಿಗೆ ತೂಕ ಜಾಸ್ತಿ, ಅಂದರು ಅಪ್ಪ. ಶಾಲೆಯಲ್ಲಿ ಇದನ್ನೇ ಓದಿದ್ದೆ. ಅರ್ಥವಾಗಿದ್ದು ಅವತ್ತು.

ಮಧ್ಯಾಹ್ನ ಮುಸ್ಲಿಮರ ಬೀದಿಯಲ್ಲಿ ಲಿಯಾಂಗ್‌ಪಿ ತಿಂದೆವು. ಅಗಲವಾದ ತಣ್ಣನೆಯ ಶಾವಿಗೆಗೆ ವಿನೆಗರ್, ಸೌತೆಕಾಯಿ, ಕೆಂಪು ಮೆಣಸಿನ ಎಣ್ಣೆ. ಅಂಗಡಿ ಮುಂದೆ ಸುರಿದಿದ್ದ ಉದ್ದನೆಯ, ಸುಕ್ಕುಗಟ್ಟಿದ ಮೆಣಸಿನಕಾಯಿ ಥೇಟ್ ಬ್ಯಾಡಗಿಯ ಹಾಗೆ. ‘ವೊ ಚ್ರ್ ಸು’ ಅಂದರೆ ನಾನು ಸಸ್ಯಾಹಾರಿ ಅಂತ, ಇದೊಂದು ವಾಕ್ಯ ಕಲಿತು ಹೋಗಿ. ಸಂಜೆ ಕೋಟೆಗೋಡೆ ಹತ್ತಿದೆವು. 14ನೇ ಶತಮಾನದ್ದು, ಸುತ್ತಳತೆ ಸುಮಾರು 14 ಕಿ.ಮೀ. ಮೇಲೆ ಬಾಡಿಗೆಗೆ ಸೈಕಲ್ ಸಿಗುತ್ತದೆ. ತಮ್ಮ ಪೂರ್ತಿ ಒಂದು ಸುತ್ತು ಹೊಡೆದ.

ಏಳನೇ ದಿನ ವಿಮಾನದಲ್ಲಿ ಗುಯ್ಲಿನ್. ಹೇಳುವಂಥದ್ದೇನೂ ಇಲ್ಲ, ಮಲಗಿ ಸುಧಾರಿಸಿಕೊಂಡೆವು. ಆದರೆ ಊರೆಲ್ಲ ಒಂದು ಪರಿಮಳ. ಆ ಹೂವಿನ ಹೆಸರು ಗುಯ್‌ಹುವಾ, ಎಳ್ಳಿನ ಗಾತ್ರಕ್ಕಿಂತ ಸ್ವಲ್ಪ ದೊಡ್ಡದು, ಹಳದಿ. ಗುಯ್ಲಿನ್ ಅಂದರೆ ಆ ಮರಗಳ ಕಾಡು ಅಂತಲೇ ಅರ್ಥ.

ಎಂಟನೇ ದಿನ ಲಿ ನದಿಯಲ್ಲಿ ದೋಣಿಯ ಮೇಲೆ ಯಾಂಗ್‌ಶ್ವೊಗೆ, ನಾಲ್ಕು ಗಂಟೆಯ ದಾರಿ. ಎರಡೂ ದಡದಲ್ಲಿ ಸುಣ್ಣದಕಲ್ಲಿನ ಗುಡ್ಡಗಳು ಒಂದರ ಹಿಂದೆ ಒಂದು. ಮಳೆ ನೀರು ಲಕ್ಷಾಂತರ ವರ್ಷ ಕಲ್ಲನ್ನು ಕರಗಿಸಿ ಉಳಿಸಿದ ಆಕಾರ ಅದು. ಹತ್ತಿರದವು ಹಸಿರು, ಆಮೇಲಿನವು ನೀಲಿ, ಕೊನೆಯವು ಬೂದಿ ಬಣ್ಣ. ಶಿಂಗ್‌ಪಿಂಗ್ ಬಂದಾಗ ದೋಣಿಯಲ್ಲಿದ್ದವರೆಲ್ಲ 20 ಯುವಾನ್ ನೋಟು ಎತ್ತಿ ಹಿಡಿದರು. ನೋಟಿನ ಹಿಂದಿರುವುದು ಇದೇ ನೋಟ. ನಾನೂ ಹಿಡಿದೆ. ಗುಡ್ಡದ ಅಂಚು ಚಿತ್ರದ ಅಂಚಿಗೆ ಕೂಡುತ್ತದೆ. ಮಾತಿಗೆ ಸಿಗದ ಜಾಗ, ಸುಮ್ನೆ ನೋಡುತ್ತಾ ಕೂರಬೇಕು. ಒಂಬತ್ತನೇ ದಿನ ಅದನ್ನೇ ಮಾಡಿದೆವು, ಬೆಳಗ್ಗೆ ಯೂಲೊಂಗ್ ನದಿಯಲ್ಲಿ ಬಿದಿರ ತೆಪ್ಪದ ಮೇಲೆ, ಸಂಜೆ ಭತ್ತದ ಗದ್ದೆಗಳ ಬದುವಿನ ಮೇಲೆ.

ಹತ್ತನೇ ದಿನ ಹಾಂಗ್‌ಜೌ. ಪಶ್ಚಿಮ ಸರೋವರದ ನಡುವೆ ವಿಲೋ ಮರಗಳ ಸಾಲಿನ ಉದ್ದನೆಯ ಏರಿ ಇದೆ, ಆರು ಸೇತುವೆ, 2.8 ಕಿ.ಮೀ. ಇದನ್ನು ಮಾಡಿಸಿದವನು ಸು ದೊಂಗ್‌ಪೊ, ದೊಡ್ಡ ಕವಿ, ಇಲ್ಲಿ ಅಧಿಕಾರಿಯಾಗಿ ಬಂದಿದ್ದ. ಆಗ ಸರೋವರ ಹೂಳು ತುಂಬಿ ಅರ್ಧ ಮುಚ್ಚಿತ್ತು. 1090ರ ಹೊತ್ತಿಗೆ ಆ ಹೂಳೆತ್ತಿಸಿ, ಅದೇ ಮಣ್ಣಿನಲ್ಲಿ ಈ ದಾರಿ ಹಾಕಿಸಿದ. ನಮ್ಮೂರ ಕೆರೆಗಳ ಹೂಳು ನೋಡಿ ಬೆಳೆದ ನನಗೆ, ಒಬ್ಬ ಕವಿ ಹೂಳೆತ್ತಿಸಿದ ಕೆಲಸ ಒಂಬತ್ತು ಶತಮಾನ ದಾಟಿಯೂ ಜನರ ಕಾಲಡಿಗೆ ಬರುತ್ತಿದೆ ಅನ್ನುವುದು ಬಹಳ ದೊಡ್ಡದಾಗಿ ಕಂಡಿತು.

ಹನ್ನೊಂದನೇ ದಿನ ಲಿಂಗ್‌ಯಿನ್ ದೇಗುಲ. ನಾಲ್ಕನೇ ಶತಮಾನದಲ್ಲಿ ಭಾರತದಿಂದ ಬಂದ ಭಿಕ್ಷುವೊಬ್ಬ ಶುರು ಮಾಡಿದ್ದು. ಚೀನೀಯರು ಅವನನ್ನು ಹುಯ್‌ಲಿ ಅನ್ನುತ್ತಾರೆ. ಎದುರಿನ ಸುಣ್ಣದಕಲ್ಲಿನ ಗುಡ್ಡ ಸುತ್ತಲಿನ ಬೆಟ್ಟಗಳ ಹಾಗಿಲ್ಲ. ಇದು ಬುದ್ಧ ಉಪದೇಶ ಮಾಡಿದ ನಮ್ಮ ಗೃಧ್ರಕೂಟದ ಗುಡ್ಡ, ಇಲ್ಲಿಗೆ ಯಾವಾಗ ಹಾರಿಬಂತು ಅಂತ ಅವನು ಕೇಳಿದನಂತೆ. ಅಂದಿನಿಂದ ಅದಕ್ಕೆ ‘ಹಾರಿಬಂದ ಗುಡ್ಡ’ ಅಂತಲೇ ಹೆಸರು. ಬಂಡೆಗಳ ಮೇಲೆಲ್ಲ ಬುದ್ಧನ ನೂರಾರು ಮೂರ್ತಿಗಳು, ಅದರಲ್ಲೊಬ್ಬ ಹೊಟ್ಟೆ ಬಿಟ್ಟುಕೊಂಡು ನಗುವ ಮೈತ್ರೇಯ. ಕಾಲುದಾರಿಯ ಪಕ್ಕದಲ್ಲಿ ಹುಯ್‌ಲಿಯ ನೆನಪಿನ ಚಿಕ್ಕ ಕಲ್ಲುಗೋಪುರ. ಅಪ್ಪ ಚಪ್ಪಲಿ ಬಿಟ್ಟು ಕೈಮುಗಿದರು.

ರಾತ್ರಿಯ ವಿಮಾನಕ್ಕೆ ಹೊತ್ತಿತ್ತು. ಲೊಂಗ್‌ಜಿಂಗ್ ಟೀ ಹಳ್ಳಿಗೆ ಹೋಗಿ ಒಂದು ಮನೆಯ ಜಗಲಿಯಲ್ಲಿ ಕೂತೆವು. ಮನೆಯಾಕೆ ಉದ್ದನೆಯ ಗಾಜಿನ ಲೋಟಕ್ಕೆ ಒಂದು ಚಿಟಿಕೆ ಎಲೆ ಹಾಕಿ ಬಿಸಿನೀರು ಹೊಯ್ದರು. ಎಲೆಗಳು ಮೊದಲು ತೇಲಿ, ಮೆಲ್ಲಗೆ ಅರಳಿ, ನೆಟ್ಟಗೆ ನಿಂತು ಕೆಳಗಿಳಿದವು. ಹಾಲಿಲ್ಲ, ಸಕ್ಕರೆ ಇಲ್ಲ, ಹುರಿದ ಕಡಲೆಯಂಥ ಒಂದು ವಾಸನೆ. ಆಕೆ ಲೋಟ ಮುಂದಿಟ್ಟು “ಚಾ” ಅಂದರು.

ಅಪ್ಪ ಥಟ್ಟನೆ ತಲೆ ಎತ್ತಿದರು. “ಚಾ? ನಾವೂ ಚಾ ಅಂತೀವಿ ನೋಡವ್ವಾ!” ಅಂತ ಕನ್ನಡದಲ್ಲೇ ಆಕೆಗೆ ಹೇಳಿದರು. ಆಕೆ ನಕ್ಕು ಮತ್ತೆ “ಚಾ” ಅಂದರು, ಲೋಟ ಖಾಲಿಯಾಗುವ ಮೊದಲೇ ಇನ್ನಷ್ಟು ನೀರು ಹೊಯ್ದರು. ಮೂರನೇ ಸಲ ಅಪ್ಪ ಲೋಟದ ಮೇಲೆ ಕೈ ಅಡ್ಡ ಹಿಡಿದು “ಸಾಕವ್ವಾ” ಅಂದರೂ ಆಕೆ ಕೇಳಲಿಲ್ಲ.